ಮೀನಿಗೆ ನೋವಾಗುತ್ತಾ?

"ನಾನು ನಾನ್‌ವೆಜ್ ಬಿಟ್ಟುಬಿಟ್ಟೆ, ಈಗ ಬರೀ ಮೀನು ಮಾತ್ರ."

ಬೆಂಗಳೂರಿನ ಆಫೀಸುಗಳಲ್ಲಿ ಊಟದ ಹೊತ್ತಿಗೆ ಈ ಮಾತು ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಹೀಗೆ ಹೇಳುವವರನ್ನು ಗೇಲಿ ಮಾಡೋದು ಸುಲಭ. ನನಗೆ ಮಾತ್ರ ಅವರ ಮೇಲೆ ಗೌರವ ಇದೆ. ಕೋಳಿ ಫಾರಂನ ವಿಡಿಯೋ ನೋಡಿಯೋ, ಕುರಿ ಕೊಯ್ಯುವುದನ್ನು ಎದುರಿಗೇ ಕಂಡೋ ಮನಸ್ಸು ಕಲಕಿ, ನಾಲಿಗೆಗೆ ಇಷ್ಟವಾದದ್ದನ್ನು ಬಿಟ್ಟವರು ಅವರು. ಆದರೆ ಆ ನಿರ್ಧಾರದ ಒಳಗೆ ಇನ್ನೊಂದು ನಿರ್ಧಾರ ಸದ್ದಿಲ್ಲದೆ ಕೂತಿರುತ್ತೆ. ಮೀನಿಗೆ ನೋವಾಗಲ್ಲ. ಆದರೂ ಅದು ನಾವು ತಲೆಕೆಡಿಸಿಕೊಳ್ಳುವಷ್ಟು ದೊಡ್ಡ ನೋವೇನಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಕುರಿಯಿಂದ ಹತ್ತು ಹನ್ನೆರಡು ಕೆಜಿ ಮಾಂಸ ಬರುತ್ತೆ ಅಂದುಕೊಳ್ಳಿ. ಅಷ್ಟೇ ತೂಕದ ಬೂತಾಯಿ ಬೇಕಂದ್ರೆ ಹೆಚ್ಚೂಕಡಿಮೆ ಇನ್ನೂರು ಮೀನು ಸಾಯಬೇಕು. ಮೀನಿಗೆ ನೋವು ಗೊತ್ತಾಗಲ್ಲ ಅನ್ನೋದು ನಿಜವಾದರೆ ಕುರಿ ಬಿಟ್ಟು ಮೀನಿಗೆ ಬಂದವರು ಲೋಕದ ಸಂಕಟವನ್ನು ಒಂದಿಷ್ಟು ಕಮ್ಮಿ ಮಾಡಿದ್ದಾರೆ. ಸುಳ್ಳಾದರೆ ಒಂದು ಸಾವಿನ ಜಾಗಕ್ಕೆ ಇನ್ನೂರು ಸಾವು ತಂದಿದ್ದಾರೆ. ಹಾಗಾಗಿ ಮೀನಿಗೆ ನೋವಾಗುತ್ತಾ ಅನ್ನೋದು ಟೈಂಪಾಸ್ ಪ್ರಶ್ನೆ ಅಲ್ಲ. ಇದರ ಮೇಲೆ ತುಂಬಾ ನಿಂತಿದೆ.

ಮೊದಲು ಒಂದು ವ್ಯತ್ಯಾಸ ಸ್ಪಷ್ಟ ಮಾಡಿಕೊಳ್ಳಬೇಕು. ಅಪಾಯವನ್ನು ಪತ್ತೆ ಹಚ್ಚುವುದು ಬೇರೆ, ನೋವನ್ನು ಅನುಭವಿಸುವುದು ಬೇರೆ. ಡೇಟಾ ಸೆಂಟರಿನ ಸರ್ವರ್ ಅತಿಯಾಗಿ ಬಿಸಿಯಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತೆ. ಇನ್ನೂ ಬಿಸಿಯಾದರೆ ಆಫ್ ಆಗುತ್ತೆ. ಅಲ್ಲಿ ಸೆನ್ಸರ್ ಇದೆ, ಪ್ರತಿಕ್ರಿಯೆ ಇದೆ, ಲಾಗ್ ಕೂಡ ಇದೆ. ಆದರೂ "ಅಯ್ಯೋ, ಸುಟ್ಟುಕೊಂಡಿತಲ್ಲ ಪಾಪ" ಅಂತ ಯಾವ ಎಂಜಿನಿಯರೂ ಅಂದಿದ್ದನ್ನು ನಾನು ಕೇಳಿಲ್ಲ. ನಮ್ಮ ಮೈಯಲ್ಲೂ ಹೀಗೇ. ಕಾದ ಕಾವಲಿ ಮುಟ್ಟಿದ ಕೈಯನ್ನು ಬೆನ್ನುಹುರಿ ಹಿಂದಕ್ಕೆ ಎಳೆದಿರುತ್ತೆ, "ಉರಿ" ಅನ್ನೋದು ನಮಗೆ ಗೊತ್ತಾಗೋದು ಅದಾದ ಮೇಲೆ. ಆದ್ದರಿಂದ ಗಾಳಕ್ಕೆ ಸಿಕ್ಕ ಮೀನು ಒದ್ದಾಡುತ್ತೆ ಅನ್ನೋದಷ್ಟೇ ಸಾಕ್ಷಿ ಆಗಲ್ಲ. ಒದ್ದಾಟದ ಹಿಂದೆ ಯಾರಾದರೂ ಇದ್ದಾರಾ, ಒದ್ದಾಟ ಮಾತ್ರ ಇದೆಯಾ ಅನ್ನೋದೇ ಪ್ರಶ್ನೆ.

2003ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಲಿನ್ ಸ್ನೆಡನ್, ವಿಕ್ಟೋರಿಯಾ ಬ್ರೈತ್‌ವೈಟ್, ಮೈಕೆಲ್ ಜೆಂಟಲ್ ಎಂಬ ಮೂವರು ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಇಳಿಸಿದರು. ಡಾಲಿ ಅನ್ನೋ ಕುರಿಯನ್ನು ಕ್ಲೋನ್ ಮಾಡಿದ್ದು ಅದೇ ಸಂಸ್ಥೆ. ರೈನ್‌ಬೋ ಟ್ರೌಟ್ ಮೀನಿನ ಮುಖದ ಮೇಲೆ ಒತ್ತಡ, ಬಿಸಿ, ಆಮ್ಲ ಇವನ್ನು ಹಿಡಿಯುವ ನರದ ತುದಿಗಳು ಇವೆ ಅಂತ ಅವರು ತೋರಿಸಿದರು. ನಮ್ಮ ಚರ್ಮದಲ್ಲಿ ಇರುವಂಥವೇ. ಆಮೇಲೆ ಕೆಲವು ಮೀನುಗಳ ತುಟಿಗೆ ಜೇನುಹುಳದ ವಿಷ ಅಥವಾ ವಿನೆಗರ್‌ನಲ್ಲಿರುವ ಆಮ್ಲ ಚುಚ್ಚಿದರು, ಇನ್ನು ಕೆಲವಕ್ಕೆ ಬರೀ ಸಲೈನ್. ವಿಷ ಮತ್ತು ಆಮ್ಲದ ಮೀನುಗಳ ಉಸಿರಾಟ ಜೋರಾಯ್ತು. ಅವು ತೊಟ್ಟಿಯ ತಳದಲ್ಲಿ ಕೂತು ಅತ್ತಿಂದಿತ್ತ ತೂಗಾಡಿದವು. ಆಮ್ಲ ಚುಚ್ಚಿಸಿಕೊಂಡವು ತಳದ ಜಲ್ಲಿಗೆ ತುಟಿ ಉಜ್ಜಿಕೊಂಡವು. ಮತ್ತೆ ಆಹಾರ ಮುಟ್ಟೋಕೆ ಸಲೈನ್ ಮೀನುಗಳಿಗಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯಿತು. ಮಾರ್ಫಿನ್ ಕೊಟ್ಟಾಗ ಈ ಲಕ್ಷಣಗಳು ಇಳಿದವು.

ಇದನ್ನು ಒಪ್ಪದವರ ವಾದವನ್ನೂ ಸರಿಯಾಗಿ ಕೇಳಬೇಕು, ಅವರೇನು ದಡ್ಡರಲ್ಲ. ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಜೇಮ್ಸ್ ರೋಸ್, ಆಸ್ಟ್ರೇಲಿಯಾದ ಬ್ರಯಾನ್ ಕೀ ಇವರ ಪ್ರಕಾರ ಮನುಷ್ಯರಲ್ಲಿ ನೋವು ಅರಿವಿಗೆ ಬರೋದು ಮಿದುಳಿನ ಹೊರಪದರವಾದ ನಿಯೋಕಾರ್ಟೆಕ್ಸ್‌ನಿಂದ. ಮೀನಿಗೆ ಅದೇ ಇಲ್ಲ. ಮೇಲಾಗಿ ನಮ್ಮಲ್ಲಿ ಮಂದವಾದ, ಬಹಳ ಹೊತ್ತು ಉಳಿಯುವ ಉರಿಯನ್ನು ಒಯ್ಯುವ ಸಿ-ಫೈಬರ್ ಅನ್ನೋ ನರತಂತುಗಳು ಮೀನಿನಲ್ಲಿ ತೀರಾ ಕಡಿಮೆ. ಗಾಳದಿಂದ ಬಿಡಿಸಿ ನೀರಿಗೆ ಬಿಟ್ಟ ಮೀನು ಮತ್ತೆ ಹುಳಕ್ಕೆ ಬಾಯಿ ಹಾಕುತ್ತಲ್ಲ ಅಂತಲೂ ಕೇಳುತ್ತಾರೆ.

ನಿಯೋಕಾರ್ಟೆಕ್ಸ್ ವಾದ ಕೇಳಿದಾಗ ನನ್ನೊಳಗಿನ ಎಂಜಿನಿಯರ್ ತಕರಾರು ತೆಗೀತಾನೆ. ಒಂದೇ ಕೆಲಸವನ್ನು ಬೇರೆ ಬೇರೆ ಹಾರ್ಡ್‌ವೇರ್ ಮಾಡಬಹುದು ಅನ್ನೋದು ನಮ್ಮ ವೃತ್ತಿಯ ಮೊದಲ ಪಾಠ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವ ಚಿಪ್ ನಿಮ್ಮ ಫೋನಿನಲ್ಲಿ ಇಲ್ಲ, ಆದ್ದರಿಂದ ನಿಮ್ಮ ಫೋನು ವಿಡಿಯೋ ತೋರಿಸಲಾರದು ಅಂದರೆ ನಗ್ತೀರಿ. ಹಕ್ಕಿಗಳಿಗೂ ನಮ್ಮಂಥ ಪದರಪದರದ ನಿಯೋಕಾರ್ಟೆಕ್ಸ್ ಇಲ್ಲ. ಆದರೂ ನ್ಯೂ ಕ್ಯಾಲೆಡೋನಿಯಾದ ಕಾಗೆ ಕಡ್ಡಿ ಬಾಗಿಸಿ ಕೊಕ್ಕೆ ಮಾಡಿಕೊಂಡು ಹುಳ ಎಳೀತದೆ. ಹಾಗಂತ ಮೀನಿನ ಮಿದುಳು ಆ ಕೆಲಸವನ್ನು ಮಾಡಿಯೇ ಮಾಡುತ್ತೆ ಅಂತ ಇದರಿಂದ ಸಾಬೀತಾಗಲ್ಲ. ಭಾಗ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಕೆಲಸವೂ ಇಲ್ಲ ಅನ್ನೋ ಹಾಗಿಲ್ಲ, ಅಷ್ಟೇ.

ಹಾಗಾದರೆ ನೋಡಬೇಕಾದದ್ದು ಏನನ್ನ? ನನಗೆ ಹೆಚ್ಚು ತೂಕದ್ದು ಅನಿಸಿದ ಎರಡು ಪ್ರಯೋಗ ಇವೆ. ಟ್ರೌಟ್‌ಗಳು ಹೊಸ ವಸ್ತು ಕಂಡರೆ ದೂರ ಇರುತ್ತವೆ. ತೊಟ್ಟಿಗೆ ಕೆಂಪು ಲೆಗೋ ಇಟ್ಟಿಗೆಗಳ ಗೋಪುರ ಇಳಿಸಿದಾಗ ಆರೋಗ್ಯವಾಗಿದ್ದ ಮೀನುಗಳು ಹತ್ತಿರ ಸುಳಿಯಲಿಲ್ಲ. ತುಟಿಗೆ ಆಮ್ಲ ಚುಚ್ಚಿಸಿಕೊಂಡ ಮೀನುಗಳು ಅದರ ಪಕ್ಕದಲ್ಲೇ ಓಡಾಡಿಕೊಂಡಿದ್ದವು, ಹೆದರಿಕೆಯ ಕಡೆ ಗಮನವೇ ಇಲ್ಲ ಅನ್ನೋ ಹಾಗೆ. ಮಾರ್ಫಿನ್ ಕೊಟ್ಟ ಮೇಲೆ ಹೆದರಿಕೆ ವಾಪಸ್ ಬಂತು. ಹಲ್ಲುನೋವಿದ್ದ ದಿನ ಮೀಟಿಂಗಿನಲ್ಲಿ ಕೂತವರಿಗೆ ಇದು ಅರ್ಥವಾಗುತ್ತೆ. ಬರೀ ರಿಫ್ಲೆಕ್ಸ್ ಆಗಿದ್ದರೆ ಗಮನ ಕದಿಯುವ ಪ್ರಶ್ನೆ ಎಲ್ಲಿಂದ ಬರಬೇಕು?

ಎರಡನೆಯದು ಜೀಬ್ರಾಫಿಶ್ ಮೇಲೆ ನಡೆದದ್ದು. ಗಿಡ, ಜಲ್ಲಿ ಇರುವ ಕೋಣೆ ಒಂದು, ಬೋಳು ಕೋಣೆ ಇನ್ನೊಂದು ಇಟ್ಟರೆ ಅವು ಗಿಡದ ಕೋಣೆಯಲ್ಲೇ ಇರ್ತವೆ. ಆಮ್ಲ ಚುಚ್ಚಿದರೂ ಅಲ್ಲೇ. ಆದರೆ ಬೋಳು ಕೋಣೆಯ ನೀರಿಗೆ ಲಿಡೋಕೇನ್ ಅನ್ನೋ ನೋವು ನಿವಾರಕ ಬೆರೆಸಿದಾಗ, ಆಮ್ಲ ಚುಚ್ಚಿಸಿಕೊಂಡ ಮೀನುಗಳು ಇಷ್ಟದ ಕೋಣೆ ಬಿಟ್ಟು ಬೋಳು ಕೋಣೆಗೆ ಹೋದವು. ತನಗೆ ಬೇಕಾದ್ದನ್ನು ಬಿಟ್ಟುಕೊಟ್ಟು ಉಪಶಮನವನ್ನು ಕೊಂಡುಕೊಂಡವು ಅನ್ನಬಹುದು. ಸರ್ವರ್ ಹೀಗೆ ಚೌಕಾಸಿ ಮಾಡಲ್ಲ. ಮಾಡಬೇಕಂದ್ರೆ ನಾವು ಮೊದಲೇ ಕೋಡ್ ಬರೆದಿಟ್ಟಿರಬೇಕು. ಬೋಳು ಕೋಣೆಯ ನೀರಿನಲ್ಲಿ ಲಿಡೋಕೇನ್ ಇರುವ ಸಂದರ್ಭಕ್ಕೆ ಅಂತ ಮೀನಿಗೆ ಯಾರೂ ಕೋಡ್ ಬರೆದಿರಲಿಲ್ಲ.

ನೋವಿನ ಬಗ್ಗೆ ಇಷ್ಟು ಚರ್ಚೆ ಇದ್ದರೂ ಸುಖದ ಬಗ್ಗೆ ಮಾತಾಡುವವರು ಕಡಿಮೆ. ಹವಳದ ದಿಬ್ಬಗಳಲ್ಲಿ ಕ್ಲೀನರ್ ರಾಸ್ ಅನ್ನೋ ಬೆರಳುದ್ದದ ಮೀನಿದೆ. ದೊಡ್ಡ ಮೀನುಗಳ ಮೈಮೇಲಿನ ಪರಾವಲಂಬಿ ಹುಳ ತಿಂದು ಬದುಕುತ್ತೆ. ಗಿರಾಕಿಗಳು ಅದರ ಜಾಗಕ್ಕೆ ತಾವಾಗಿ ಬಂದು ನಿಲ್ತವೆ. ಕೆಲವೊಮ್ಮೆ ಅದು ಹುಳ ತಿನ್ನೋದು ಬಿಟ್ಟು ತನ್ನ ರೆಕ್ಕೆಯಿಂದ ಗಿರಾಕಿಯ ಬೆನ್ನು ಸವರುತ್ತೆ. ಇದರಿಂದ ಆ ಮೀನಿಗೆ ಏನು ಸಿಗುತ್ತೆ ಅಂತ ನೋಡಲು ಸಂಶೋಧಕರು ಕ್ಲೀನರ್ ಮೀನಿನ ಆಕಾರದ, ಅಲುಗಾಡುವ ಒಂದು ಮಾದರಿಯನ್ನು ಸರ್ಜನ್‌ಫಿಶ್‌ಗಳ ತೊಟ್ಟಿಯಲ್ಲಿಟ್ಟರು. ಅಲ್ಲಿ ಹುಳ ತೆಗೆಯುವ ಮಾತೇ ಇಲ್ಲ, ಬರೀ ಸವರುವಿಕೆ. ಆದರೂ ಮೀನುಗಳು ಬಂದು ಬಂದು ಅದಕ್ಕೆ ಮೈ ಒಡ್ಡಿದವು, ಅವುಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿಯಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದಾಗ ನನಗೆ ನೆನಪಾಗಿದ್ದು ಕ್ಷೌರದಂಗಡಿಯ ತಲೆ ಮಸಾಜು. ಮೀನಿಗೆ ಅದು ಹಿತವೇ ಅಂತ ಆಣೆ ಇಟ್ಟು ಹೇಳೋಕಾಗಲ್ಲ. ಪಕ್ಕದ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತ ಮನುಷ್ಯನ ಬಗ್ಗೆ ನಮಗೆ ಇರುವ ಸಾಕ್ಷಿಯೂ ಹೆಚ್ಚೂಕಡಿಮೆ ಇದೇ ಜಾತಿಯದು.

ಚೀನಾದ ಹಳೆಯ ತತ್ವಜ್ಞಾನಿ ಜುವಾಂಗ್‌ಜಿಯ ಹೆಸರಿನಲ್ಲಿ ಒಂದು ಕತೆ ಇದೆ. ಸೇತುವೆಯ ಮೇಲೆ ನಡೆಯುತ್ತಾ ಅವನು ಕೆಳಗೆ ಈಜುವ ಮೀನುಗಳನ್ನು ನೋಡಿ ಅವು ಸುಖವಾಗಿವೆ ಅಂತಾನೆ. ನೀನು ಮೀನಲ್ಲ, ನಿನಗೆ ಹೇಗೆ ಗೊತ್ತು ಅಂತ ಗೆಳೆಯ ಕೇಳ್ತಾನೆ. ನೀನು ನಾನಲ್ಲ, ನನಗೆ ಗೊತ್ತಿಲ್ಲ ಅಂತ ನಿನಗೆ ಹೇಗೆ ಗೊತ್ತು ಅಂತ ಇವನ ಮರುಪ್ರಶ್ನೆ. ಮಾತಿನ ಚಮತ್ಕಾರ ಅನಿಸಬಹುದು, ಆದರೆ ವಿಷಯ ಗಟ್ಟಿಯಾದದ್ದು. ಇನ್ನೊಬ್ಬರ ಒಳಗನ್ನು ನೇರವಾಗಿ ನೋಡುವ ದಾರಿ ಯಾರಿಗೂ ಇಲ್ಲ. ಹೆಂಡತಿಯ ತಲೆನೋವೂ ನನಗೆ ಊಹೆಯೇ. ಅಲ್ಲಿ ನಾನು ಪುರಾವೆ ಕೇಳಲ್ಲ, ಝಂಡು ಬಾಮ್ ಹುಡುಕ್ತೀನಿ. ಮೀನಿನ ವಿಷಯಕ್ಕೆ ಬಂದಾಗ ಮಾತ್ರ ನಾವು ದಿಢೀರನೆ ದೊಡ್ಡ ತತ್ವಜ್ಞಾನಿಗಳಾಗಿ ಸಂಪೂರ್ಣ ಪುರಾವೆ ಬೇಕು ಅಂತೀವಿ.

ಯಾಕೆ ಹೀಗೆ? ನಮ್ಮ ತೀರ್ಥಹಳ್ಳಿ ಕಡೆ ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದಾಗ ಮೊಟ್ಟೆ ಇಡಲು ಮೀನುಗಳು ಹೊಳೆಯಿಂದ ಹಳ್ಳ, ಹಳ್ಳದಿಂದ ಗದ್ದೆ ಹತ್ತುತ್ತವೆ. ಹತ್ತುಮೀನು ಅಂತಲೇ ಹೆಸರು. ರಾತ್ರಿ ಟಾರ್ಚು, ಕತ್ತಿ, ಕೂಳಿ ಹಿಡಿದು ಊರಿಗೆ ಊರೇ ಗದ್ದೆಗೆ ಇಳಿಯುತ್ತೆ. ಸಿಕ್ಕಿದ್ದರಲ್ಲಿ ಮುರುಗೋಡು ಇದ್ದರೆ ಅದರ ಕತೆ ಬೇರೆ. ಮೀಸೆಯ, ಲೋಳೆ ಮೈಯ ಈ ಮೀನು ಗಾಳಿಯಲ್ಲೂ ಉಸಿರಾಡಬಲ್ಲದು, ನೀರಿಂದ ತೆಗೆದರೆ ಗಂಟೆಗಟ್ಟಲೆ ಸಾಯಲ್ಲ. ಕೈಯಿಂದ ಜಾರಬಾರದು ಅಂತ ಜೀವ ಇದ್ದಾಗಲೇ ಒಲೆಬೂದಿ ಹಚ್ಚಿ ತಿಕ್ಕುತ್ತಾರೆ. ಸಣ್ಣವನಿದ್ದಾಗ ಪಕ್ಕದ ಮನೆಯ ಅಣ್ಣನ್ನ ಕೇಳಿದ್ದೆ, "ಅದಕ್ಕೆ ನೋವಾಗಲ್ವಾ ಅಣ್ಣಾ?" ಅವನು ತಲೆ ಎತ್ತದೆ ಹೇಳಿದ, "ಮೀನಿಗೆಂತ ನೋವಾ ಮಾರಾಯ. ಕೋಳಿ ತರ ಕೂಗ್ತದಾ ಅದು?"

ಅವನು ಕ್ರೂರಿಯಲ್ಲ. ಕರು ಹಾಕಲಾರದೆ ಒದ್ದಾಡಿದ ಎಮ್ಮೆಯ ಪಕ್ಕ ಇಡೀ ರಾತ್ರಿ ಕೂತಿದ್ದವನು. ಅವನ ಉತ್ತರದಲ್ಲಿ ಮನುಷ್ಯರ ಕರುಣೆ ಹೇಗೆ ಕೆಲಸ ಮಾಡುತ್ತೆ ಅನ್ನೋದರ ಪೂರ್ತಿ ವಿವರಣೆ ಇದೆ. ನಮ್ಮ ಕರುಣೆ ಕಿವಿಯಿಂದ, ಮುಖದಿಂದ ಒಳಗೆ ಬರುತ್ತೆ. ನಾಯಿ ಕುಂಯ್ ಅಂದರೆ, ಕರು ಕಣ್ಣು ತೇಲಿಸಿದರೆ ನಮಗೆ ತಟ್ಟುತ್ತೆ. ಮೀನಿಗೆ ಹುಬ್ಬಿಲ್ಲ, ಮುಚ್ಚುವ ರೆಪ್ಪೆಯಿಲ್ಲ, ನಮಗೆ ಕೇಳಿಸುವ ಅಳುವಿಲ್ಲ. ಈಗಂತೂ ಚಾಟ್‌ಬಾಟ್ "ನಿಮ್ಮ ಬೇಸರ ನನಗೆ ಅರ್ಥವಾಗುತ್ತೆ" ಅಂದರೆ ಎಷ್ಟೋ ಜನರಿಗೆ ಅದರ ಮೇಲೇ ಮಮತೆ ಹುಟ್ಟುತ್ತೆ, ಬೈದರೆ ಸಾರಿ ಕೇಳುವವರೂ ಇದ್ದಾರೆ. ಅದಕ್ಕೆ ಮಾತಿದೆ, ಮೈಯಿಲ್ಲ. ನರ, ರಕ್ತ, ಒತ್ತಡದ ಹಾರ್ಮೋನು ಎಲ್ಲ ಇರುವ ಮೀನಿಗೆ ಮಾತಿಲ್ಲ. ನಾವು ಒಲಿಯೋದು ಮಾತಿಗೆ.

ಹಾಗಂತ ನಮ್ಮ ನಾಡಿಗೆ ಮೀನಿನ ಬಗ್ಗೆ ಕನಿಕರವೇ ಗೊತ್ತಿಲ್ಲ ಅಂತಲ್ಲ. ಜೈನರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುವಾಗ ಮೀನನ್ನು ಐದು ಇಂದ್ರಿಯಗಳ ಗುಂಪಿನಲ್ಲೇ, ನಮ್ಮ ಜೊತೆಗೇ ಇಟ್ಟರು. 13ನೇ ಶತಮಾನದ ಜನ್ನನ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿ ಬಲಿಕೊಟ್ಟ ರಾಜ ಜನ್ಮಜನ್ಮಾಂತರ ಸುತ್ತುವಾಗ ಒಂದು ಜನ್ಮದಲ್ಲಿ ಮೀನಾಗುತ್ತಾನೆ. ಆ ಚರ್ಮದೊಳಗೆ ನೀವೇ ಇದ್ದರೆ ಅಂತ ಕವಿ ಎಂಟುನೂರು ವರ್ಷದ ಹಿಂದೆಯೇ ಕೇಳಿದಂತಾಯ್ತು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಜನ ಮಂಡಕ್ಕಿ ಹಾಕುತ್ತಾರೆ, ಯಾರೂ ಗಾಳ ಹಾಕಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮೀನುಗಳು ದೇವರ ಮೀನುಗಳು. 1990ರ ದಶಕದಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಅಲ್ಲಿಯವರು ಅವಕ್ಕೆ ಸ್ಮಾರಕವನ್ನೇ ಕಟ್ಟಿದರು. ದೇವಸ್ಥಾನದ ಗಡಿ ದಾಟಿ ಒಂದೆರಡು ಮೈಲಿ ಕೆಳಗೆ ಈಜಿದರೆ ಅದೇ ಮೀನು ಸಾರಿಗೆ ಹೋಗಬಹುದು. ಮೀನಿನ ನರಮಂಡಲದಲ್ಲಿ ಆ ಗಡಿ ಇಲ್ಲ. ಅದನ್ನು ಎಳೆದವರು ನಾವು, ಬೇಕಾದರೆ ಅತ್ತಿತ್ತ ಸರಿಸಬಲ್ಲವರೂ ನಾವೇ.

ಇನ್ನು ಮೀನನ್ನು ಎಣಿಸುವ ರೀತಿ ನೋಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮೀನುಗಾರಿಕೆಯನ್ನು ಟನ್‌ಗಳಲ್ಲಿ ಲೆಕ್ಕ ಇಡುತ್ತೆ, ಕಡಲು ಹೊಳೆಗಳಿಂದ ಹಿಡಿದದ್ದು ವರ್ಷಕ್ಕೆ ಸುಮಾರು 9 ಕೋಟಿ ಟನ್. ದನ, ಹಂದಿ, ಕೋಳಿಗಳಿಗೆ ತಲೆ ಲೆಕ್ಕ ಸಿಗುತ್ತೆ. ಮೀನಿಗೆ ಅದಿಲ್ಲ, ಕಲ್ಲಿದ್ದಲಿನ ಹಾಗೆ ತೂಕ. ಆ ತೂಕವನ್ನು ಮೀನಿನ ಸರಾಸರಿ ಗಾತ್ರದಿಂದ ಭಾಗಿಸಿ ಅಂದಾಜು ಮಾಡಿದವರ ಪ್ರಕಾರ ಸಂಖ್ಯೆ ವರ್ಷಕ್ಕೆ ಹತ್ತಿರಹತ್ತಿರ 1ರಿಂದ 2 ಲಕ್ಷ ಕೋಟಿ. ಇವುಗಳಲ್ಲಿ ಬಹುಪಾಲು ಬಲೆಯಲ್ಲಿ ಜಜ್ಜಿ, ಇಲ್ಲವೇ ಗಾಳಿಯಲ್ಲಿ ಉಸಿರುಕಟ್ಟಿ ಸಾಯ್ತವೆ. ನೀರಿಂದ ತೆಗೆದು ಹಾಗೇ ಬಿಟ್ಟ ಒಂದು ಟ್ರೌಟ್ ಸುಮಾರು 10 ನಿಮಿಷ ತೀವ್ರ ನೋವು ಅನುಭವಿಸುತ್ತೆ ಅಂತ 2025ರ ಒಂದು ಅಧ್ಯಯನ ಅಂದಾಜಿಸಿದೆ. ಗಾಳಿಯಲ್ಲೂ ಉಸಿರಾಡುವ ಮುರುಗೋಡಿಗೆ ಈ ನಿಮಿಷಗಳು ಎಷ್ಟಾಗಬಹುದು ನೀವೇ ಯೋಚಿಸಿ.

ನನ್ನ ಮಟ್ಟಿಗೆ ಪ್ರಶ್ನೆಯ ತಿರುಳು ಇಲ್ಲಿದೆ, ಆ ನಿಮಿಷಗಳಲ್ಲಿ. ಕೊಲ್ಲಬಹುದಾ, ಬಾರದಾ ಅನ್ನೋ ಚರ್ಚೆಗೆ ಇಳಿದ ಕೂಡಲೇ ನಮ್ಮಲ್ಲಿ ಜಾತಿ ಬರುತ್ತೆ, "ನಮ್ಮನೇಲಿ ನಾವೆಲ್ಲ ಪ್ಯೂರ್ ವೆಜ್" ಅನ್ನೋ ಗತ್ತು ಬರುತ್ತೆ. ಮಲ್ಪೆಯಲ್ಲಿ, ಕಾರವಾರದಲ್ಲಿ ಬಲೆ ಎಳೆದು ಮಕ್ಕಳನ್ನು ಓದಿಸುವವರು ಅಪರಾಧಿಗಳ ಕಟಕಟೆಯಲ್ಲಿ ನಿಲ್ಲುತ್ತಾರೆ. ಕರುವನ್ನು ದೂರ ಕಟ್ಟಿ ಕರೆದ ಹಾಲು ಕುಡಿಯುವವರು ನ್ಯಾಯಾಧೀಶರಾಗ್ತಾರೆ. ಆ ಕೋರ್ಟಿನಲ್ಲಿ ನನಗೆ ಆಸಕ್ತಿ ಇಲ್ಲ. ನಾನು ಮೀನು ತಿನ್ನುತ್ತೇನೆ. ತಿನ್ನುವುದರ ಬಗ್ಗೆ ಇನ್ನೂ ನಿರ್ಧಾರಕ್ಕೆ ಬಾರದವರೂ ಸಾವಿನ ನಿಮಿಷಗಳ ಬಗ್ಗೆ ಇವತ್ತೇ ನಿರ್ಧಾರ ಮಾಡಬಹುದು.

ಪ್ರೊಡಕ್ಷನ್‌ನಲ್ಲಿ ಒಂದು ಅಲರ್ಟ್ ಬಂದಾಗ, ನಿಜವೋ ಸುಳ್ಳೋ ನೂರಕ್ಕೆ ನೂರು ಗೊತ್ತಾಗುವ ತನಕ ನಾವು ಕಾಯಲ್ಲ. ಎರಡೂ ಕಡೆಯ ತಪ್ಪಿಗೆ ಬೆಲೆ ಎಷ್ಟು ಅಂತ ನೋಡ್ತೀವಿ. ಮೀನಿಗೆ ನೋವಿದೆ ಅಂತ ನಂಬಿ ನಡೆದು, ಕೊನೆಗೆ ಇಲ್ಲ ಅಂತ ಸಾಬೀತಾದರೆ ಹೋಗೋದು ಏನು? ಕೊಯ್ಯುವ ಮೊದಲು ತಲೆಗೆ ಒಂದು ಬಲವಾದ ಏಟು ಹಾಕುವ ಶ್ರಮ, ಕೆಜಿಗೆ ನಾಲ್ಕು ಕಾಸು ಹೆಚ್ಚು. ನೋವಿಲ್ಲ ಅಂತ ನಂಬಿ ನಡೆದು, ಇದೆ ಅಂತ ಸಾಬೀತಾದರೆ ಆ ಲಕ್ಷ ಕೋಟಿಯ ಪಕ್ಕ ತಲಾ ಹತ್ತು ನಿಮಿಷ ಬರೆದುಕೊಳ್ಳಬೇಕು. ಇಂಥ ಟಿಕೆಟನ್ನು ಯಾವ ಟೀಮೂ 'ಲೋ ಪ್ರಯಾರಿಟಿ' ಅಂತ ಬದಿಗಿಡಲ್ಲ.

ಇದು ಆಗದ ಮಾತೇನಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಮೀನನ್ನು ಕೊಲ್ಲುವ ಮೊದಲು ಪ್ರಜ್ಞೆ ತಪ್ಪಿಸಬೇಕು ಅಂತ ಕಾನೂನಿದೆ. ಬ್ರಿಟನ್ನಿನ 2022ರ ಕಾಯ್ದೆ ಮೀನು ಸೇರಿದಂತೆ ಎಲ್ಲ ಕಶೇರುಕಗಳನ್ನೂ ಸಂವೇದನೆಯುಳ್ಳ ಜೀವಿಗಳು ಅಂತ ಒಪ್ಪುತ್ತೆ. ಜಪಾನಿನವರ ಇಕೆಜಿಮೆ ಪದ್ಧತಿಯಲ್ಲಿ ಮೀನಿನ ಮಿದುಳಿಗೆ ಚೂಪಾದ ಮೊಳೆ ಇಳಿಸಿ ಕ್ಷಣದಲ್ಲಿ ಮುಗಿಸುತ್ತಾರೆ. ಅವರು ಶುರು ಮಾಡಿದ್ದು ರುಚಿಗೋಸ್ಕರ, ಒದ್ದಾಡದೆ ಸತ್ತ ಮೀನಿನ ಮಾಂಸ ಚೆನ್ನಾಗಿರುತ್ತೆ ಅಂತ. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ. ಅದರ ಪ್ರಕಾರ ಮನುಷ್ಯನನ್ನು ಬಿಟ್ಟು ಬೇರೆ ಯಾವ ಜೀವಿಯಾದರೂ 'ಪ್ರಾಣಿ'ಯೇ. ಆಹಾರಕ್ಕಾಗಿ ಕೊಲ್ಲುವುದಕ್ಕೆ ವಿನಾಯಿತಿ ಇದೆ, ಅನಗತ್ಯ ನೋವು ಕೊಡದಿದ್ದರೆ ಮಾತ್ರ. ಅಂದರೆ ಮುರುಗೋಡಿಗೆ ಜೀವ ಇರುವಾಗಲೇ ಬೂದಿ ತಿಕ್ಕಿ ಕೊಯ್ಯಬಾರದು ಅನ್ನುವ ಆಶಯ ನಮ್ಮ ಕಾನೂನಿನಲ್ಲಿ ಅರವತ್ತು ವರ್ಷಕ್ಕಿಂತ ಹಳೆಯದು.

ನಗರದಲ್ಲಿರುವ ನಮ್ಮ ಕೈಯಲ್ಲಿ ಏನಿದೆ? ತೊಟ್ಟಿಯಲ್ಲಿ ಜೀವಂತ ಕಾಟ್ಲಾ, ರೋಹು ಇಟ್ಟು ಮಾರುವ ಅಂಗಡಿಯಲ್ಲಿ, "ಅಣ್ಣಾ, ಮೊದಲು ತಲೆಗೆ ಹೊಡೆದು ಆಮೇಲೆ ಚಿಪ್ಪು ತೆಗೀರಿ" ಅಂತ ಹೇಳಬಹುದು. ನಾನು ಹೇಳ್ತೀನಿ. ಮೊದಲ ಸಲ ಅಂಗಡಿಯವನು ವಿಚಿತ್ರವಾಗಿ ನೋಡಿದ, ಈಗ ಕೇಳದೆಯೇ ಮಾಡ್ತಾನೆ. ಆಫೀಸ್ ಡೆಸ್ಕಿನ ಮೇಲೆ ಟೀ ಲೋಟದಷ್ಟು ನೀರಿನಲ್ಲಿ ಬೆಟ್ಟಾ ಮೀನು ಇಟ್ಟುಕೊಳ್ಳುವವರು ಅದನ್ನು ಶೋಪೀಸ್ ಅಂತ ನೋಡೋದು ಬಿಡಬಹುದು. ಮೀನಿಗೆ ಮೂರು ಸೆಕೆಂಡಿನ ನೆನಪು ಅನ್ನೋದು ಕಟ್ಟುಕತೆ. ಬಲೆಯ ತೂತಿನಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಒಂದು ಜಾತಿಯ ಆಸ್ಟ್ರೇಲಿಯಾದ ಮೀನುಗಳು 11 ತಿಂಗಳ ನಂತರವೂ ನೆನಪಿಟ್ಟಿದ್ದವು. ವೀಕೆಂಡ್ ರೆಸಾರ್ಟಿನಲ್ಲಿ ಬರೀ ಫೋಟೋಗಾಗಿ ಗಾಳ ಹಾಕಿ, ಹಿಡಿದು, ಗಾಳಿಯಲ್ಲಿ ತೂಗಿ, ವಾಪಸ್ ಬಿಡುವ ಆಟಕ್ಕೆ ಹಸಿವಿನ ನೆಪವೂ ಇಲ್ಲ.

ಮೀನಿಗೆ ಆಗುವ ನೋವು ನನ್ನ ಹಲ್ಲುನೋವಿನ ಹಾಗೇ ಇರಬೇಕಿಲ್ಲ. ಸಿ-ಫೈಬರ್ ಕಮ್ಮಿ ಇರುವ ಜೀವಕ್ಕೆ ನೋವು ಬೇರೆ ಥರ ಇರಬಹುದು, ಬೇಗ ಆರಿಹೋಗಬಹುದು. ನಾಳೆಯ ಚಿಂತೆ, ನಿನ್ನೆಯ ಅವಮಾನ ಅದಕ್ಕೆ ಅಂಟಿಕೊಂಡಿರಲಿಕ್ಕಿಲ್ಲ. ಅದನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತೆ. ನಾಳೆಯ ಕಲ್ಪನೆ ಇಲ್ಲದ ಜೀವಕ್ಕೆ "ಇನ್ನು ಸ್ವಲ್ಪ ಹೊತ್ತಿಗೆ ಮುಗಿಯುತ್ತೆ" ಅಂತ ಸಮಾಧಾನ ಹೇಳಿಕೊಳ್ಳೋಕೂ ಬರಲ್ಲ. ಆ ಹತ್ತು ನಿಮಿಷವೇ ಅದರ ಇಡೀ ಲೋಕ. ಅದನ್ನು ಒಂದು ಕ್ಷಣಕ್ಕೆ ಇಳಿಸೋಕೆ ಬೇಕಾದ ಮರದ ಕೊಡತಿ ಕತ್ತಿಯ ಪಕ್ಕದಲ್ಲೇ ಇಡಬಹುದು.